615ರ ಕಟ್‌ಆಫ್ ಬಿಡಿ, ರ್‍ಯಾಂಕ್ ನೋಡಿ

ಚೀನಾದ ಹೆನಾನ್ ಪ್ರಾಂತ್ಯದಲ್ಲಿ ಗಾವ್‌ಕಾವ್ (ಅಲ್ಲಿನ ಕಾಲೇಜು ಪ್ರವೇಶ ಪರೀಕ್ಷೆ) ಬರೆದ ಹುಡುಗಿಗೆ 750ಕ್ಕೆ 620 ಬಂದಿದೆ, ಬೇಕಾದ ವಿಶ್ವವಿದ್ಯಾಲಯದ ಹೋದ ವರ್ಷದ ಕಟ್‌ಆಫ್ 615, ಸೀಟು ಖಾತ್ರಿಯೇ ಅಂತ ಕೇಳಿದ್ದೀರಿ. ಬರೀ ಅಂಕ ನೋಡಿ ಹೇಳೋಕಾಗಲ್ಲ. ಪ್ರಶ್ನೆಪತ್ರಿಕೆ ಸುಲಭ ಇದ್ದ ವರ್ಷ ಕಟ್‌ಆಫೂ ಮೇಲೇರುತ್ತೆ.

ಯಾವ ಅಂಕಕ್ಕೆ ಎಷ್ಟು ಜನ ಅನ್ನೋ ಪಟ್ಟಿಯನ್ನು ಪ್ರಾಂತ್ಯವೇ ಪ್ರಕಟಿಸುತ್ತೆ. ಈ ವರ್ಷದ ಪಟ್ಟಿಯಲ್ಲಿ 620ರ ರ್‍ಯಾಂಕ್ ಹುಡುಕಿ, ಹೋದ ವರ್ಷದ ಪಟ್ಟಿಯಲ್ಲಿ 615ರ ಎದುರಿಗಿರುವ ರ್‍ಯಾಂಕ್ ಜೊತೆ ಹೋಲಿಸಿ. ಭೌತಶಾಸ್ತ್ರ ಆಯ್ದವರದ್ದು, ಇತಿಹಾಸ ಆಯ್ದವರದ್ದು ಬೇರೆ ಬೇರೆ ಪಟ್ಟಿ, ಕಲಸಬೇಡಿ. ಬೀಜಿಂಗ್‌ನ 620 ಇಲ್ಲಿ ಲೆಕ್ಕಕ್ಕಿಲ್ಲ, ಸೀಟು ಹಂಚೋದು ಪ್ರಾಂತ್ಯವಾರು. ಹೀಗೆ ಭೌತಶಾಸ್ತ್ರ ಅಥವಾ ಇತಿಹಾಸ ಆಯ್ದುಕೊಳ್ಳೋ ಹೊಸ ಪದ್ಧತಿಗೆ ಹೆನಾನ್ ಬಂದದ್ದೇ 2025ರಲ್ಲಿ, ಹಾಗಾಗಿ 2024 ಮತ್ತು ಹಿಂದಿನ ಕಟ್‌ಆಫ್‌ಗಳನ್ನು ನೇರವಾಗಿ ಹೋಲಿಸೋದು ದಾರಿ ತಪ್ಪಿಸುತ್ತೆ.

ಜನ ನಿಜವಾಗಿ ಎಡವೋದು ಫಾರ್ಮ್ ತುಂಬುವಾಗ. ಅಲ್ಲಿ ಪ್ರತಿ ಆಯ್ಕೆ ಅಂದರೆ ಒಂದು ವಿಶ್ವವಿದ್ಯಾಲಯದ ಕೋರ್ಸ್‌ಗಳ ಒಂದು ಗುಂಪು. ಅದರ ಕೊನೆಯಲ್ಲಿ ‘ಕೇಳಿದ ಕೋರ್ಸ್ ಸಿಗದಿದ್ದರೆ ಬೇರೆ ಕೋರ್ಸ್ ಒಪ್ಪುವಿರಾ’ ಅಂತಿರುತ್ತೆ. ಬೇಡ ಅಂದು, ಕೇಳಿದ ಕೋರ್ಸ್‌ಗಳೆಲ್ಲ ತುಂಬಿದ್ದರೆ ಅರ್ಜಿ ವಾಪಸ್. ಆಗ ಪಟ್ಟಿಯಲ್ಲಿನ ಮುಂದಿನ ಆಯ್ಕೆಗೆ ಅದು ಹೋಗಲ್ಲ. ಉಳಿದ ಸೀಟುಗಳ ಸುತ್ತಿಗೇ ಕಾಯಬೇಕು. ಒಪ್ಪಿದರೂ ಬದಲಿ ಕೋರ್ಸ್ ಸಿಗೋದು ಅದೇ ಗುಂಪಿನೊಳಗೆ ಮಾತ್ರ. ಹಾಗಾಗಿ ‘ಒಪ್ಪಿಗೆ’ ಒತ್ತೋ ಮುಂಚೆ ಆ ಗುಂಪಿನ ಅತಿ ಬೇಡದ ಕೋರ್ಸ್ ಯಾವುದು ಅಂತ ನೋಡಿಕೊಳ್ಳಲಿ.