ಎದುರಿಗಿಲ್ಲದವರನ್ನು ಬೈದರೆ ಕ್ರಿಮಿನಲ್ ಕೇಸ್ ಆಗುತ್ತಾ?

ಆಗಬಹುದು. ಆದರೆ ಬೈಗುಳಕ್ಕಲ್ಲ, ಹೆಸರು ಕೆಡಿಸಿದ್ದಕ್ಕೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಎರಡು ಕಲಂಗಳನ್ನು ನೋಡಬೇಕು. 352 (ಹಳೆಯ ಐಪಿಸಿ 504) ಅನ್ವಯಿಸಲು ಅವಮಾನ ಯಾರನ್ನಾದರೂ ಶಾಂತಿಭಂಗಕ್ಕೆ ಕೆರಳಿಸುವಂತಿರಬೇಕು. ಬೈಸಿಕೊಂಡವರು ಸ್ಥಳದಲ್ಲೇ ಇಲ್ಲದಿದ್ದರೆ ಇದನ್ನು ಸಾಬೀತುಪಡಿಸುವುದು ಕಷ್ಟ.

ಮಾನನಷ್ಟದ ಕಲಂ 356ರ ಲೆಕ್ಕವೇ ಬೇರೆ. ಅಲ್ಲಿ ಮುಖ್ಯವಾದುದು ಮೂರನೆಯವರ ಕಿವಿ. ಸಂಘದ ಸಭೆಗೆ ಖಜಾಂಚಿ ಬಂದಿಲ್ಲ. ಯಾರೋ ಎದ್ದು "ಅವನು ಸಂಘದ ದುಡ್ಡು ನುಂಗಿದ್ದಾನೆ" ಎನ್ನುತ್ತಾರೆ. ಕೇಳಿಸಿಕೊಂಡವರ ಕಣ್ಣಲ್ಲಿ ಖಜಾಂಚಿಯ ಮರ್ಯಾದೆ ಇಳಿಯುತ್ತದೆ, ಅವರು ಗೈರಾಗಿದ್ದದ್ದು ಆರೋಪಿಗೆ ರಕ್ಷಣೆಯಲ್ಲ. ಅದೇ ಸಭೆಯಲ್ಲಿ "ಅವನೊಬ್ಬ ಕತ್ತೆ" ಎಂದಷ್ಟೇ ಸಿಟ್ಟಿನಲ್ಲಿ ಅಂದಿದ್ದರೆ ಮಾನನಷ್ಟ ನಿಲ್ಲುವುದು ಅನುಮಾನ. ಹಾಗೆಯೇ ಮಾತು ನಿಜವಾಗಿದ್ದು, ಸಾರ್ವಜನಿಕ ಹಿತಕ್ಕಾಗಿ ಹೇಳಿದ್ದರೆ ಅಪರಾಧವಲ್ಲ. ಬರೀ ನಿಜವಾಗಿದ್ದರೆ ಸಾಲದು, ಇದನ್ನು ಬಹಳ ಜನ ಮರೆಯುತ್ತಾರೆ.

ಶಿಕ್ಷೆ 2 ವರ್ಷದವರೆಗೆ ಸಾದಾ ಸಜೆ, ದಂಡ, ಅಥವಾ ಎರಡೂ. ಇಲ್ಲವೇ ಸಮುದಾಯ ಸೇವೆ. ಮಾನನಷ್ಟಕ್ಕೆ ಠಾಣೆಯಲ್ಲಿ ಎಫ್‌ಐಆರ್ ಆಗುವುದಿಲ್ಲ. ನೊಂದವರೇ ಮ್ಯಾಜಿಸ್ಟ್ರೇಟ್ ಮುಂದೆ ಖಾಸಗಿ ದೂರು ಕೊಡಬೇಕು. ಮಾತನ್ನು ಕಿವಿಯಾರೆ ಕೇಳಿದವರು ಸಾಕ್ಷಿ ಹೇಳಲು ಸಿದ್ಧರಿದ್ದಾರೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಇಂಥ ಕೇಸುಗಳು ಬೀಳುವುದು ಹೆಚ್ಚಾಗಿ ಅಲ್ಲೇ.