ಓದುಗರ ಪ್ರಶ್ನೆ: ಬೇಲಿ ಜಗಳದ ನಡುವೆ ವೈರಿಯನ್ನು ಪ್ರೀತಿಸುವುದು ಹೇಗೆ?

ಪ್ರಶ್ನೆ: ಪಕ್ಕದ ತೋಟದವರು ಬೇಲಿ ಸರಿಸಿ ನಮ್ಮ ಎರಡು ಸಾಲು ಕಾಫಿ ಗಿಡ ಒಳಗೆ ಹಾಕಿಕೊಂಡಿದ್ದಾರೆ. ಕೇಳಲು ಹೋದರೆ ಬೈಗುಳ. ಭಾನುವಾರ ಪೂಜೆಯಲ್ಲಿ ‘ವೈರಿಗಳನ್ನು ಪ್ರೀತಿಸಿರಿ’ ಎಂದು ಓದಿದಾಗ ಮನಸ್ಸು ಕುದಿಯುತ್ತದೆ. ಇಲ್ಲದ ಪ್ರೀತಿಯನ್ನು ಎಲ್ಲಿಂದ ತರಲಿ?
– ಓದುಗರು, ಸಿದ್ದಾಪುರ

ಉತ್ತರ: ಅವರನ್ನು ಕಂಡರೆ ನಿಮಗೆ ಹಿತವಾಗಬೇಕು ಎಂದು ಯೇಸುಸ್ವಾಮಿ ಕೇಳಿಲ್ಲ. ಲೂಕ 6:27–28 ಓದಿ. ಪ್ರೀತಿಸಿ ಎಂದ ಬೆನ್ನಿಗೇ ಒಳ್ಳೆಯದು ಮಾಡಿ, ಹರಸಿ, ಪ್ರಾರ್ಥಿಸಿ ಎಂದು ಮೂರು ಕೆಲಸ ಹೇಳುತ್ತಾರೆ. ಕುದಿಯುವ ಮನಸ್ಸಿನಿಂದಲೂ ಇವನ್ನು ಶುರುಮಾಡಬಹುದು. ತಂದೆ ದೇವರು ಕೆಟ್ಟವರಿಗೂ ಒಳ್ಳೆಯವರಿಗೂ ಮಳೆ ಸುರಿಸುತ್ತಾರೆ ಎನ್ನುತ್ತದೆ ಮತ್ತಾಯ 5:45. ಕಾಫಿ ಹೂ ಅರಳಿಸುವ ಮಾರ್ಚಿನ ಹೂಮಳೆ ಬೇಲಿಯ ಎರಡೂ ಕಡೆ ಬೀಳುತ್ತದಲ್ಲ, ಹಾಗೆ. ಇನ್ನೂ ಆಳದ ಕಾರಣ ರೋಮ 5:10ರಲ್ಲಿದೆ: ನಾವೇ ದೇವರಿಗೆ ವೈರಿಗಳಾಗಿದ್ದಾಗ ಕ್ರಿಸ್ತನ ಮರಣದಿಂದ ಸಂಧಾನವಾಯಿತು. ಈ ಋಣ ನೆನಪಿಲ್ಲದಿದ್ದರೆ ಮುಂದಿನದೆಲ್ಲ ಬರೀ ಶ್ರಮ.

ಪ್ರಾರ್ಥನೆ ಚಿಕ್ಕದಿರಲಿ. ಬೆಳಿಗ್ಗೆ ಅವರ ಹೆಸರು ಹಿಡಿದು, ನಿಮಗಾಗಿ ಬೇಡುವುದನ್ನೇ ಅವರಿಗೂ ಬೇಡಿ: ಫಸಲು, ಆರೋಗ್ಯ, ಮಕ್ಕಳ ಓದು. ಹೆಚ್ಚಿನವರು ಎಡವುವುದು ಇಲ್ಲೇ. ‘ದೇವರೇ, ಅವನಿಗೆ ಬುದ್ಧಿ ಕೊಡು’ ಎಂಬುದು ಪ್ರಾರ್ಥನೆಯ ವೇಷದ ದೂರು. ಹೇಳಿದಷ್ಟೂ ಗಾಯ ಹಸಿಯಾಗುತ್ತದೆ. ಕೋಪವಿದ್ದರೆ ಅದನ್ನು ಕೋಪವೆಂದೇ ದೇವರ ಮುಂದಿಡಿ. 109ನೇ ಕೀರ್ತನೆಯಲ್ಲಿ ನಿಮ್ಮದಕ್ಕಿಂತ ಕಟುವಾದ ಮಾತುಗಳಿವೆ.

ಒಳ್ಳೆಯದು ಮಾಡುವುದಕ್ಕೆ ವಿಮೋಚನಕಾಂಡ 23:4–5 ದಾರಿ ತೋರಿಸುತ್ತದೆ: ವೈರಿಯ ಎತ್ತು ದಾರಿ ತಪ್ಪಿದ್ದು ಕಂಡರೆ ಹೊಡೆದುಕೊಂಡು ಹೋಗಿ ಅವನಿಗೆ ಒಪ್ಪಿಸು. ರಾತ್ರಿ ಆನೆ ಹಿಂಡು ಅವರ ತೋಟದ ಕಡೆ ಹೊರಟರೆ ಮೊದಲು ಅವರಿಗೇ ಫೋನ್ ಮಾಡಿ. ಕೆಲಸವಾದ ಮೇಲೆ ಅದನ್ನು ಊರಲ್ಲಿ ಹೇಳಬೇಡಿ, ಅವರಿಂದ ಧನ್ಯವಾದವನ್ನೂ ಕಾಯಬೇಡಿ. ಕಾಯುತ್ತ ಕುಳಿತರೆ ಉಪಕಾರವೇ ಹೊಸ ಸಾಲದ ಲೆಕ್ಕವಾಗುತ್ತದೆ.

ಮಾತುಕತೆಗೆ ಮತ್ತಾಯ 18:15–16ರ ಕ್ರಮವಿದೆ: ಮೊದಲು ಇಬ್ಬರೇ, ಆಗದಿದ್ದರೆ ಒಬ್ಬಿಬ್ಬರು ಸಾಕ್ಷಿಗಳ ಜೊತೆ. ಆ ಮಾತು ಸಭೆಯೊಳಗಿನ ಸಹೋದರರಿಗೆ ಹೇಳಿದ್ದು. ನೆರೆಯವರು ಕ್ರೈಸ್ತರಲ್ಲದಿದ್ದರೆ ಅವರೂ ಗೌರವಿಸುವ ಊರ ತಕ್ಕರನ್ನೋ (ಊರಿನ ಮುಖ್ಯಸ್ಥರು) ಹಿರಿಯರನ್ನೋ ಕರೆದೊಯ್ಯಿರಿ. ಹೊಡೆತದ ಬೆದರಿಕೆ ಇದ್ದಲ್ಲಿ ಮಾತ್ರ ಒಬ್ಬರೇ ಹೋಗಲೇಬೇಡಿ.

ಪ್ರಶ್ನೆ: ಕ್ಷಮಿಸಿದ ಮೇಲೆ ದೂರು, ದಾವೆ ಹಿಂದಕ್ಕೆ ಪಡೆಯಬೇಕೇ?
– ಓದುಗರು, ವಿರಾಜಪೇಟೆ

ಉತ್ತರ: ಬೇಕೆಂದೇನೂ ಇಲ್ಲ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳನ್ನು ವಾಹನದಲ್ಲೇ ಸುಟ್ಟು ಕೊಂದರು. ಪತ್ನಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆಂದು ಎಲ್ಲರೆದುರು ಹೇಳಿ, ಬಾರಿಪದದಲ್ಲಿ ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. ಮೊಕದ್ದಮೆ ತನ್ನ ಪಾಡಿಗೆ ನಡೆಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆ ಎತ್ತಿಹಿಡಿಯಿತು. ರೋಮ 12:19 ಕೈಬಿಡಿ ಎನ್ನುವುದು ಸೇಡನ್ನು, ನ್ಯಾಯವನ್ನಲ್ಲ.

ಎಚ್ಚರ ಬೇಕಾದದ್ದು ದಾವೆ ನಡೆಸುವ ರೀತಿಯಲ್ಲಿ. ಸುಳ್ಳು ಸೇರಿಸಬೇಡಿ, ಕೇವಲ ಸತಾಯಿಸಲು ವಾಯಿದೆ ಕೇಳಬೇಡಿ, ಅವರ ಮನೆಯವರನ್ನು ಎಳೆಯಬೇಡಿ. ಸಿದ್ದಾಪುರದ ಓದುಗರಿಗೂ ಇದೇ ಮಾತು: ಜಮೀನಿನ ಗಡಿ ಗುರುತಿಸುವ ಹದ್ದುಬಸ್ತು ಅಳತೆಗೆ ಅರ್ಜಿ ಹಾಕಿ. ಸರ್ವೇಯರ್ ಬರುವ ದಿನ ಗೊತ್ತಾದ ಕೂಡಲೇ, ನೋಟಿಸ್ ಹೇಗೂ ಹೋಗುತ್ತದೆ ಎಂದು ಸುಮ್ಮನಿರದೆ, ನೀವೇ ಅವರಿಗೆ ತಿಳಿಸಿ. ಅಳತೆಯಲ್ಲಿ ತಪ್ಪು ನಿಮ್ಮ ಕಡೆ ಕಂಡರೆ ಬೇಲಿ ಹಿಂದೆ ಸರಿಸಲು ಸಿದ್ಧರಿದ್ದೀರೆಂದೂ ಆಗಲೇ ಹೇಳಿಬಿಡಿ.