ಪ್ರಾಣಿಗಳ ಅವಶೇಷಗಳಿಂದ ಹಿಂದಿನ ಜನರ ಬದುಕು ಹೇಗೆ ತಿಳಿಯುತ್ತದೆ?
ಮೂಳೆ ಹೇಳುವುದು ಊಟದ ವಿಷಯ ಮಾತ್ರವಲ್ಲ. ಹಲ್ಲಿನ ಸವೆತದಿಂದ ಪ್ರಾಣಿ ಸತ್ತ ವಯಸ್ಸು ಗೊತ್ತಾಗುತ್ತದೆ. ಗಂಡುಗಳನ್ನು ಎಳೆಯದರಲ್ಲೇ ಕಡಿದು ಹಸುಗಳನ್ನು ಮುಪ್ಪಿನವರೆಗೆ ಉಳಿಸಿಕೊಂಡಿದ್ದರೆ ಹಾಲಿಗಾಗಿ ಸಾಕುತ್ತಿದ್ದರು ಎನ್ನಬಹುದು. ಕಾಲಿನ ಕೀಲುಗಳಲ್ಲಿ ಮೂಳೆ ಅತಿಯಾಗಿ ಬೆಳೆದಿದ್ದರೆ ನೇಗಿಲನ್ನೋ ಗಾಡಿಯನ್ನೋ ಎಳೆದಿರುವ ಸಾಧ್ಯತೆಯಿದೆ.

ನಮ್ಮಲ್ಲೇ ಸೊಗಸಾದ ಉದಾಹರಣೆಯಿದೆ: ಸುರಪುರ ಸೀಮೆಯ ಬೂದಿಹಾಳ, ಸುಮಾರು 4,000 ವರ್ಷ ಹಿಂದಿನ ನವಶಿಲಾಯುಗದ ನೆಲೆ. ಪುರಾತತ್ವಜ್ಞ ಕೆ. ಪದ್ದಯ್ಯ ಅವರ ಉತ್ಖನನದಲ್ಲಿ ದನದ ಮೂಳೆಗಳು ಹೇರಳವಾಗಿ ಸಿಕ್ಕವು. ಮಾಂಸ ಕತ್ತರಿಸುತ್ತಿದ್ದ ಜಾಗವೂ ಪತ್ತೆಯಾಯಿತು. ಅಲ್ಲಿನ ಬೂದಿದಿಬ್ಬ ಸುಟ್ಟ ಸಗಣಿಯ ರಾಶಿ. (ಮೂಳೆಯಷ್ಟೇ ಸಗಣಿಯೂ ಸಾಕ್ಷಿ, ಇದನ್ನು ಮರೆಯುವವರೇ ಹೆಚ್ಚು.) ತೆಲಂಗಾಣದ ಉಟ್ನೂರಿನ ಬೂದಿದಿಬ್ಬದಲ್ಲಂತೂ ದನಗಳ ಗೊರಸಿನ ಗುರುತುಗಳೇ ಉಳಿದಿದ್ದವು. ಅಲ್ಲಿ ಬೇಲಿ ಕಟ್ಟಿ ಮಂದೆಯನ್ನು ಕೂಡಿಹಾಕುತ್ತಿದ್ದರು ಎಂಬ ವಾದಕ್ಕೆ ಅದೊಂದು ದೊಡ್ಡ ಆಧಾರ.